ಹಳೆಯ ಹಾರ್ಡ್ ಡಿಸ್ಕ್ ರೆಕಾರ್ಡರ್‌ನಿಂದ ಮನೆಯ ವಿಡಿಯೋ ಹೊರಗೆ ತೆಗೆಯುವುದು ಹೇಗೆ?

ನಮ್ಮ ಕಲಬುರಗಿ, ಬೀದರ್ ಕಡೆ ಗಲ್ಫ್‌ಗೆ ಹೋಗಿ ಬಂದವರ ಮನೆಯಲ್ಲಿ ಟಿವಿ ಸ್ಟ್ಯಾಂಡಿನ ಕೆಳಗಿನ ಖಾನೆಯನ್ನು ಒಮ್ಮೆ ಬಗ್ಗಿ ನೋಡಿ. ಬೆಳ್ಳಿ ಬಣ್ಣದ ಅಗಲವಾದ ಒಂದು ಪೆಟ್ಟಿಗೆ ಇರಬಹುದು. ನೋಡಲು ಡಿವಿಡಿ ಪ್ಲೇಯರ್ ಥರ, ಎತ್ತಿದರೆ ತೂಕ ಜಾಸ್ತಿ. ಮುಂದೆ ‘ಎಚ್‌ಡಿಡಿ’ ಅಂತ ಬರೆದಿದ್ದರೆ ಅದರೊಳಗೆ ಹಾರ್ಡ್ ಡಿಸ್ಕ್ ಇದೆ, ಟಿವಿ ಅಥವಾ ಕ್ಯಾಸೆಟ್‌ನ ವಿಡಿಯೋವನ್ನು ಅದರಲ್ಲೇ ತುಂಬಿಡುವ ರೆಕಾರ್ಡರ್ ಅದು ಎಂದರ್ಥ.

ನಮ್ಮ ಮಾಮಾ 2007ರಲ್ಲಿ ದುಬೈನಿಂದ ಇಂಥದ್ದೊಂದನ್ನು ಆಳಂದದ ಮನೆಗೆ ತಂದರು. 160 ಜಿಬಿ ಡಿಸ್ಕ್. ಅಕ್ಕನ ಮದುವೆ ಕ್ಯಾಸೆಟ್, ಶರಣಬಸವೇಶ್ವರ ಜಾತ್ರೆಯ ತೇರು, ಮುತ್ಯಾ ಕಟ್ಟೆ ಮೇಲೆ ಕೂತು ಮಾತಾಡಿದ್ದು, ಎಲ್ಲವನ್ನೂ ವಿಸಿಆರ್‌ನಿಂದ ಇದರೊಳಗೆ ಇಳಿಸಿದರು. ಆಮೇಲೆ ಮನೆ ಬದಲಿಸುವಾಗ ಕ್ಯಾಸೆಟ್‌ಗಳು ಎಲ್ಲೋ ಹೋದವು. ಮುತ್ಯಾನೂ ಹೋದರು. ಪೆಟ್ಟಿಗೆ ಮಾತ್ರ ಉಳಿಯಿತು.

"ಗುಜರಿಗಿ ಹಾಕ್ರಿ, ಈಗ ಯಾವ ಚಾನೆಲ್ಲೂ ಬರಲ್ಲ ಅದರಾಗ" ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಚಾನೆಲ್ ಬರದಿದ್ದುದು ನಿಜ. ಚಾನೆಲ್ ಹಿಡಿಯುವ ಅದರ ಟ್ಯೂನರ್ ಹಳೆಯ ಅನಲಾಗ್ ಕೇಬಲ್‌ಗೆ ಮಾಡಿದ್ದು. ಕೇಬಲ್ ಡಿಜಿಟಲ್ ಆಗಬೇಕೆಂದು ನಮ್ಮಂಥ ಊರುಗಳಿಗೆ 2015ರ ಡಿಸೆಂಬರ್ 31ರ ಗಡುವು ಇಟ್ಟಿದ್ದರಲ್ಲ, ಆಮೇಲೆ ಆ ಟ್ಯೂನರ್‌ಗೆ ಕೆಲಸವೇ ಉಳಿಯಲಿಲ್ಲ. ಹಾಗಂತ ಡಿಸ್ಕಿನೊಳಗೆ ಇದ್ದದ್ದು ಎಲ್ಲಿಗೂ ಹೋಗಿಲ್ಲ. ಅದನ್ನು ಹೊರಗೆ ತೆಗೆಯುವ ಬಗೆಯನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಮಾತು: ಡಿಸ್ಕ್ ಬಿಚ್ಚಬೇಡಿ

ಬಹಳ ಜನಕ್ಕೆ ಮೊದಲು ಹೊಳೆಯುವುದು ಇದೇ. "ಡಿಸ್ಕ್ ತೆಗೆದು ಕಂಪ್ಯೂಟರ್‌ಗೆ ಹಚ್ಚಿದರಾಯಿತು, ಕಾಪಿ ಮಾಡಿಕೊಳ್ಳೋಣ." ಆಗುವುದಿಲ್ಲ. ಈ ರೆಕಾರ್ಡರ್‌ಗಳು ತಮ್ಮದೇ ಲೆಕ್ಕದಲ್ಲಿ ಡಿಸ್ಕಿನ ಮೇಲೆ ಬರೆಯುತ್ತವೆ. ವಿಂಡೋಸ್‌ಗೆ ಆ ಲೆಕ್ಕ ಗೊತ್ತಿಲ್ಲ. ಪೆಟ್ಟಿಗೆ ಮತ್ತು ಡಿಸ್ಕ್ ಜೋಡೆತ್ತು ಇದ್ದ ಹಾಗೆ, ಒಂದನ್ನು ಬಿಚ್ಚಿದರೆ ಬಂಡಿ ಅಲ್ಲೇ ನಿಂತಿತು.

ಬೀದರ್‌ನಲ್ಲಿರುವ ನನ್ನ ಗೆಳೆಯನಿಗೆ ಇದು ತಡವಾಗಿ ತಿಳಿಯಿತು. ಪೆಟ್ಟಿಗೆ ಆನ್ ಆಗಲಿಲ್ಲ ಅಂತ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಗೆ ಕೊಟ್ಟ. ಅಲ್ಲಿನ ಹುಡುಗ ಡಿಸ್ಕ್ ಬಿಚ್ಚಿ ಹಚ್ಚಿದ. ‘ಡಿಸ್ಕನ್ನು ಇನಿಷಿಯಲೈಜ್ ಮಾಡಬೇಕೇ’ ಅಂತ ವಿಂಡೋಸ್ ಕೇಳಿತು, ಓಕೆ ಒತ್ತಿದ. ‘ಫಾರ್ಮ್ಯಾಟ್ ಮಾಡಬೇಕೇ’ ಅಂತ ಕೇಳಿತು, ಅಂದರೆ ಇದ್ದದ್ದನ್ನು ಅಳಿಸಿ ಡಿಸ್ಕನ್ನು ಹೊಸದಾಗಿ ಸಿದ್ಧ ಮಾಡಲೇ ಅಂತ. ಅದಕ್ಕೂ ಓಕೆ. ಆಮೇಲೆ ಫೋನ್ ಮಾಡಿ, "ಡಿಸ್ಕ್ ಪೂರಾ ಖಾಲಿ ಅದ ರೀ, ಏನೂ ಇಲ್ಲ" ಅಂದ. ಮಗಳ ತೊಟ್ಟಿಲ ಕಾರ್ಯಕ್ರಮದ ವಿಡಿಯೋ ಅದರಲ್ಲಿತ್ತು.

ಆದ್ದರಿಂದ ಪೆಟ್ಟಿಗೆ ಜೀವಂತ ಇರುವಾಗಲೇ, ಅದರದೇ ಬಾಗಿಲಿನಿಂದ ವಿಡಿಯೋ ಹೊರಗೆ ತರಬೇಕು. ಬಾಗಿಲು ಎರಡು: ಒಂದು ಅದರ ಡಿವಿಡಿ ಬರ್ನರ್, ಅಂದರೆ ಖಾಲಿ ಡಿವಿಡಿಗೆ ಬರೆಯುವ (‘ಸುಡುವ’) ಭಾಗ; ಇನ್ನೊಂದು ಹಿಂದಿನ ಎವಿ ಔಟ್, ಅಂದರೆ ಚಿತ್ರ, ಧ್ವನಿ ಟಿವಿಗೆ ಹೋಗುವ ಪಿನ್‌ಗಳ ಜಾಗ.

ನಿಮ್ಮ ಹತ್ತಿರ ಇರುವುದು ಯಾವ ಪೆಟ್ಟಿಗೆ?

ಡಿಟಿಎಚ್ ಕಂಪನಿಯ ರೆಕಾರ್ಡಿಂಗ್ ಸೆಟ್‌ಟಾಪ್ ಬಾಕ್ಸ್ ಆಗಿದ್ದರೆ ಈ ಬರಹ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. 2008ರಲ್ಲಿ ಟಾಟಾ ಸ್ಕೈ ಪ್ಲಸ್ ಬಂದಾಗಿನಿಂದ ಇಂಥ ಬಾಕ್ಸ್‌ಗಳು ನಮ್ಮಲ್ಲಿವೆ. ಅವುಗಳಲ್ಲಿ ರೆಕಾರ್ಡ್ ಆದದ್ದು ಬೀಗ ಹಾಕಿದ ರೂಪದಲ್ಲಿ ಕೂತಿರುತ್ತದೆ, ಅದೇ ಬಾಕ್ಸಿನಲ್ಲಿ ಮಾತ್ರ ನಡೆಯುತ್ತದೆ. ಅಲ್ಲಿ ಇರುವುದೂ ಸೀರಿಯಲ್, ಕ್ರಿಕೆಟ್ ಅಷ್ಟೇ. ಬಿಡಿ.

ಹಾರ್ಡ್ ಡಿಸ್ಕ್ ಇರುವ ಹ್ಯಾಂಡಿಕ್ಯಾಮ್ ಆಗಿದ್ದರೆ ನಿಮ್ಮದು ಪುಣ್ಯ. ಯುಎಸ್‌ಬಿ ಕೇಬಲ್ ಹಚ್ಚಿದರೆ ಸಾಮಾನ್ಯವಾಗಿ ಪೆನ್‌ಡ್ರೈವ್ ಥರ ತೆರೆದುಕೊಳ್ಳುತ್ತದೆ. ಫೋಲ್ಡರ್ ಪೂರ್ತಿ ಕಾಪಿ ಮಾಡಿ.

ಮುಂದೆ ಬರೆದದ್ದೆಲ್ಲ ಹಾರ್ಡ್ ಡಿಸ್ಕ್ ಮತ್ತು ಡಿವಿಡಿ ಎರಡೂ ಇರುವ ರೆಕಾರ್ಡರ್‌ಗೆ.

ಆನ್ ಮಾಡುವ ಮುಂಚೆ

ಹಿಂಭಾಗದ ತಗಡಿನ ಮೇಲೆ ವೋಲ್ಟೇಜ್ ಬರೆದಿರುತ್ತದೆ, ಓದಿ. 220–240 ಅಥವಾ 110–240 ಅಂತ ಇದ್ದರೆ ಸರಿ. ಬರೀ 100 ಅಥವಾ 120 ಅಂತಿದ್ದರೆ ಅದು ಜಪಾನ್, ಅಮೆರಿಕದ ಮಾಲು. ನಮ್ಮ 230 ವೋಲ್ಟ್‌ಗೆ ನೇರ ಹಚ್ಚಿದರೆ ಅಲ್ಲಿಗೇ ಮುಗಿಯಿತು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಮೇಲಿನ ಧೂಳನ್ನು ಒಣ ಬ್ರಷ್‌ನಿಂದ ತೆಗೆಯಿರಿ. ಹಿಂದಿನ ಸಣ್ಣ ಫ್ಯಾನಿನ ಜಾಲರಿ ಮುಚ್ಚಿಹೋಗಿರುತ್ತದೆ, ಅದನ್ನೂ. ಮುಚ್ಚಳ ಬಿಚ್ಚಲು ಹೋಗಬೇಡಿ. ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿಯಬಹುದು.

ಇನ್ನು ಬಿಸಿಲು. ಇಂಥ ಪೆಟ್ಟಿಗೆಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 5ರಿಂದ 40 ಡಿಗ್ರಿ ಶಾಖದಲ್ಲಿ ಬಳಸಿ ಅಂತ ಇರುತ್ತದೆ. ನಮ್ಮ ಊರಿನ ಏಪ್ರಿಲ್, ಮೇ ತಿಂಗಳನ್ನು ಅವರು ನೋಡಿಲ್ಲ ಅನ್ನಿಸುತ್ತದೆ. ಹಳೆಯ ಡಿಸ್ಕನ್ನು ಮಧ್ಯಾಹ್ನ ಮೂರು ತಾಸು ಓಡಿಸಿದರೆ ಪೆಟ್ಟಿಗೆ ರೊಟ್ಟಿ ಹಂಚಿನಂತಾಗುತ್ತದೆ. ನಾವು ಡಿಸೆಂಬರ್‌ನಲ್ಲಿ ಮಾಡಿದೆವು. ಬೇಸಿಗೆಯಲ್ಲೇ ಮಾಡಲೇಬೇಕಾದರೆ ಬೆಳಗ್ಗೆ ಐದಕ್ಕೆ ಏಳಿ. ಪೆಟ್ಟಿಗೆಯನ್ನು ಖಾನೆಯಿಂದ ಹೊರಗೆ ತೆಗೆದು ಟೇಬಲ್ ಮೇಲಿಡಿ.

ಕರೆಂಟ್ ಇದಕ್ಕಿಂತ ಮುಖ್ಯ. ಡಿಸ್ಕಿಗೆ ಬರೆಯುವಾಗ, ಡಿವಿಡಿ ಸುಡುವಾಗ ಕರೆಂಟ್ ಹೋದರೆ ಟೈಟಲ್‌ಗಳ (ಒಂದೊಂದು ರೆಕಾರ್ಡಿಂಗ್‌ಗೆ ಟೈಟಲ್ ಅನ್ನುತ್ತಾರೆ) ಪಟ್ಟಿಯೇ ಕೆಡಬಹುದು. ಪಟ್ಟಿ ಕೆಟ್ಟರೆ ವಿಡಿಯೋ ಒಳಗಿದ್ದೂ ಕಾಣುವುದಿಲ್ಲ. ಕಂಪ್ಯೂಟರ್‌ಗೆ ಬಳಸುವ ಸಣ್ಣ ಯುಪಿಎಸ್ ಸಾಕು. ಮನೆಯ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ ಯುಪಿಎಸ್ ಕಡೆಗೆ ಇದೆಯೇ ನೋಡಿ. ಇನ್ನೊಂದು ಕಡೆ ಇದ್ದರೆ ಕರೆಂಟ್ ಹೋಗಿ ಬ್ಯಾಟರಿಗೆ ಬರುವ ಆ ಒಂದು ಕ್ಷಣದಲ್ಲಿ ರೆಕಾರ್ಡರ್ ಆರಿ ಹತ್ತಬಹುದು.

ಈಗ ಆನ್ ಮಾಡಿ. ಟಿವಿ ಸೌಂಡ್ ಬಂದ್ ಮಾಡಿ ಕಿವಿ ಕೊಟ್ಟು ಕೇಳಿ. ಡಿಸ್ಕ್ ‘ಝುಂ’ ಅಂತ ಒಂದೇ ಸಮ ತಿರುಗಿದರೆ ಒಳ್ಳೆಯದು. ಟಕ್... ಟಕ್... ಟಕ್ ಅಂತ ಲೆಕ್ಕ ಹಾಕಿದಂತೆ ಬಡಿಯುತ್ತಿದ್ದರೆ ಕೂಡಲೇ ಆಫ್ ಮಾಡಿ. ಅದು ಡಿಸ್ಕಿನ ಹೆಡ್ ಒದ್ದಾಡುವ ಸದ್ದು. ಅಂಥದ್ದನ್ನು ಹೈದರಾಬಾದ್ ಅಥವಾ ಬೆಂಗಳೂರಿನ ಡೇಟಾ ರಿಕವರಿಯವರಿಗೇ ಕೊಡಬೇಕು. ಡಿಸ್ಕ್ ಸದ್ದೇ ಮಾಡದೆ, ಮುಂದಿನ ಅಕ್ಷರಗಳು ಹತ್ತಿ ಆರಿ ಮಾಡುತ್ತಿದ್ದರೆ ಗಾಬರಿ ಬೇಡ. ಎಷ್ಟೋ ಸಲ ಪವರ್ ಸಪ್ಲೈನ ಕೆಪಾಸಿಟರ್ ಉಬ್ಬಿರುತ್ತದೆ ಅಷ್ಟೇ. ಟಿವಿ ರಿಪೇರಿ ಮಾಡುವ ಅನುಭವಸ್ಥರು ಅದನ್ನು ಬದಲಿಸಿ ಕೊಡುತ್ತಾರೆ. "ಪವರ್ ಸಪ್ಲೈ ಮಾತ್ರ ನೋಡ್ರಿ, ಡಿಸ್ಕ್ ಮುಟ್ಟಬ್ಯಾಡ್ರಿ" ಅಂತ ಬಾಯಲ್ಲೂ ಹೇಳಿ, ಚೀಟಿ ಬರೆದೂ ಅಂಟಿಸಿ.

ರಿಮೋಟ್ ಮತ್ತು ಪಟ್ಟಿ

ರಿಮೋಟ್ ಇಲ್ಲದೆ ಈ ಪೆಟ್ಟಿಗೆ ಕುರುಡು. ಮುಂದಿನ ಬಟನ್‌ಗಳಿಂದ ಮೆನು ಒಳಗೆ ಹೋಗಲು ಆಗುವುದಿಲ್ಲ. ಹುಡುಕಿ, ಸೆಲ್ ಹಾಕಿ, ಮೊಬೈಲ್ ಕ್ಯಾಮೆರಾ ಎದುರು ಹಿಡಿದು ಬಟನ್ ಒತ್ತಿ. ಎಷ್ಟೋ ಫೋನುಗಳಲ್ಲಿ ರಿಮೋಟಿನ ತುದಿಯ ಬೆಳಕು ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ರಿಮೋಟ್ ಕಳೆದೇಹೋಗಿದ್ದರೆ, ಇನ್‌ಫ್ರಾರೆಡ್ ಇರುವ ಫೋನಿನ ರಿಮೋಟ್ ಆ್ಯಪ್‌ನಲ್ಲಿ ನಿಮ್ಮ ಕಂಪನಿಯ ‘ಡಿವಿಡಿ ರೆಕಾರ್ಡರ್’ ಹುಡುಕಿ ನೋಡಿ.

ಒಳಗೆ ಹೋದ ಮೇಲೆ ಮೊದಲು ಟೈಮರ್ ರೆಕಾರ್ಡಿಂಗ್ ಇದ್ದರೆ ಎಲ್ಲ ತೆಗೆದುಹಾಕಿ. ಗಡಿಯಾರ ತಪ್ಪಿ, ಅದು ಯಾವಾಗಲೋ ಎದ್ದು ಖಾಲಿ ಪರದೆ ರೆಕಾರ್ಡ್ ಮಾಡುವುದು ಬೇಡ. ಆಮೇಲೆ ಬೇಕಾದ ಟೈಟಲ್‌ಗಳಿಗೆ ಪ್ರೊಟೆಕ್ಟ್ ಹಾಕಿ, ಪಕ್ಕದಲ್ಲಿ ಬೀಗದ ಚಿತ್ರ ಬರುತ್ತದೆ. ಚಿತ್ರ ಕಪ್ಪು ಬಿಳುಪಾಗಿ ಬಂದರೆ, ಮೇಲೆ ಕೆಳಗೆ ಉರುಳಿದರೆ ಸೆಟಪ್‌ನಲ್ಲಿ ಟಿವಿ ಸಿಸ್ಟಮ್ ನಮ್ಮ ಕಡೆಯ ಪಾಲ್ ಇದೆಯೋ ಅಮೆರಿಕ, ಜಪಾನ್ ಕಡೆಯ ಎನ್‌ಟಿಎಸ್‌ಸಿ ಇದೆಯೋ ನೋಡಿ. ಆ ನಡುವೆ ‘ಫಾರ್ಮ್ಯಾಟ್’ ಅನ್ನುವ ಪದ ಎಲ್ಲಿ ಕಂಡರೂ ಹಿಂದೆ ಬನ್ನಿ.

ಈಗ ನೋಟ್‌ಬುಕ್ ತೆಗೆದುಕೊಳ್ಳಿ. ಟೈಟಲ್ ನಂಬರ್, ಹೆಸರು, ಎಷ್ಟು ಹೊತ್ತು, ಯಾವ ಮೋಡ್ (ಎಕ್ಸ್‌ಪಿ, ಎಸ್‌ಪಿ ಹೀಗೆ ರೆಕಾರ್ಡಿಂಗ್‌ನ ಗುಣಮಟ್ಟ), ಒಳಗೆ ಏನಿದೆ, ಎಲ್ಲ ಬರೆಯಿರಿ. ಮನೆಯ ಹಿರಿಯರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ಹಂದರದ ಕೆಳಗೆ ಓಡಾಡುವ ಆ ಐವತ್ತು ಜನರಲ್ಲಿ ಯಾರು ಯಾರು ಅಂತ ಅವರಿಗೆ ಮಾತ್ರ ಗೊತ್ತು. ನಮ್ಮ ಆಯಿ ಒಂದೇ ಸಂಜೆಯಲ್ಲಿ ಎರಡು ಪುಟ ಬರೆಸಿದರು.

ಮೊದಲ ದಾರಿ: ಡಿವಿಡಿಗೆ ಇಳಿಸುವುದು

ಬರ್ನರ್ ಕೆಲಸ ಮಾಡುತ್ತಿದ್ದರೆ ಇದೇ ಒಳ್ಳೆಯ ದಾರಿ. ಡಿಸ್ಕಿನಲ್ಲಿ ಇದ್ದ ವಿಡಿಯೋ ಹಾಗೇ ಹೊರಗೆ ಬರುತ್ತದೆ, ಒಂದು ಚುಕ್ಕಿಯೂ ಕೆಡುವುದಿಲ್ಲ. ಮೆನುವಿನಲ್ಲಿ ‘ಹೈ ಸ್ಪೀಡ್’ ಕಾಪಿ ಅಥವಾ ಡಬ್ಬಿಂಗ್ ಅಂತ ಇರುವುದನ್ನೇ ಆರಿಸಿ. ‘ನಾರ್ಮಲ್ ಸ್ಪೀಡ್’ ಅಂದರೆ ಅದು ಮತ್ತೆ ಹೊಸದಾಗಿ ಒತ್ತಿ ಬರೆಯುತ್ತದೆ, ಚಿತ್ರ ಒಂದು ಕೈ ಮಸುಕಾಗುತ್ತದೆ. ಕೆಲವು ಪೆಟ್ಟಿಗೆಗಳಲ್ಲಿ ರೆಕಾರ್ಡ್ ಮಾಡುವ ಮುಂಚೆಯೇ ಹೈ ಸ್ಪೀಡ್ ಸೆಟ್ಟಿಂಗ್ ಹಾಕಿರಬೇಕು. ಹಾಕಿರದಿದ್ದರೆ ಈಗ ಆ ಆಯ್ಕೆ ಬರುವುದಿಲ್ಲ. ಆಗ ಡಿವಿಡಿ-ರ್‍ಯಾಮ್ (ಮತ್ತೆ ಮತ್ತೆ ಬರೆಯಬಹುದಾದ ಒಂದು ಬಗೆಯ ಡಿವಿಡಿ) ಸಿಕ್ಕರೆ ಅದಕ್ಕೆ ಹಾಕಿ ನೋಡಿ.

ಡಿವಿಡಿ ಎಷ್ಟು ಬೇಕು ಅನ್ನುವ ಲೆಕ್ಕ ಸುಲಭ. 4.7 ಜಿಬಿಯ ಒಂದು ಡಿವಿಡಿಗೆ ಎಕ್ಸ್‌ಪಿ ಮೋಡ್‌ನಲ್ಲಿ 1 ತಾಸು, ಎಸ್‌ಪಿಯಲ್ಲಿ 2, ಎಲ್‌ಪಿಯಲ್ಲಿ 4, ಇಪಿಯಲ್ಲಿ 6 ಅಥವಾ 8 ತಾಸು. ಅಕ್ಕನ ಮದುವೆ ಎಸ್‌ಪಿಯಲ್ಲಿ 3 ತಾಸು 20 ನಿಮಿಷ ಇತ್ತು. ಒಂದಕ್ಕೆ ಹಿಡಿಯುವುದಿಲ್ಲ. ಅಕ್ಕಿಕಾಳು ಬೀಳುವವರೆಗೆ ಒಂದು ಡಿಸ್ಕ್, ಊಟದಿಂದ ಮುಂದೆ ಇನ್ನೊಂದು ಅಂತ ಮಾಡಿಕೊಂಡೆವು. ಇದಕ್ಕೆ ‘ಡಿವೈಡ್ ಟೈಟಲ್’ ಒತ್ತಿದರೆ ಮೂಲವೇ ಎರಡು ತುಂಡಾಗುತ್ತದೆ. ಪ್ಲೇಲಿಸ್ಟ್ ಮಾಡಿ ಅದನ್ನು ಕಾಪಿ ಮಾಡಿ, ಮೂಲ ಹಾಗೇ ಇರುತ್ತದೆ. ಹಳೆಯ ಡಿಸ್ಕಿನ ಮೇಲೆ ಕತ್ತರಿ ಆಡಿಸದಿದ್ದಷ್ಟೂ ಒಳ್ಳೆಯದು.

160 ಜಿಬಿ ಪೂರ್ತಿ ತುಂಬಿದ್ದರೆ ಸುಮಾರು 34 ಡಿವಿಡಿ ಆಗುತ್ತದೆ. ಅಷ್ಟು ಕೊಳ್ಳುವ ಬದಲು ಒಂದೆರಡು ಡಿವಿಡಿ-ಆರ್‌ಡಬ್ಲ್ಯು ತನ್ನಿ. ಸುಡಿ, ಕಂಪ್ಯೂಟರ್‌ಗೆ ಕಾಪಿ ಮಾಡಿ, ಅಳಿಸಿ, ಮತ್ತೆ ಅದನ್ನೇ ಹಾಕಿ. ಸೇದುವ ಕೊಡ ಒಂದೇ, ಬಾವಿ ಖಾಲಿಯಾಗುವವರೆಗೆ.

ಸುಟ್ಟ ಮೇಲೆ ಫೈನಲೈಜ್ ಮಾಡಲೇಬೇಕು, ಅಂದರೆ ಬೇರೆ ಯಂತ್ರಗಳೂ ಓದುವಂತೆ ಡಿವಿಡಿಯನ್ನು ಮುಗಿಸಿ ಮುಚ್ಚಬೇಕು. ಇದನ್ನು ಮರೆತು ಎಷ್ಟು ಜನ "ಡಿಸ್ಕ್ ಖಾಲಿ ಬರ್ತಿದೆ" ಅಂತ ತಲೆ ಕೆರೆದುಕೊಂಡಿದ್ದಾರೋ! ನಾನೂ ಮೊದಲ ಡಿಸ್ಕಿನಲ್ಲಿ ಅದೇ ಮಾಡಿದೆ. ಫೈನಲೈಜ್‌ಗೆ ಕೆಲವು ನಿಮಿಷ ಹಿಡಿಯುತ್ತದೆ, ಆಗ ಪೆಟ್ಟಿಗೆ ಮುಟ್ಟಬೇಡಿ.

ಕಂಪ್ಯೂಟರ್‌ನಲ್ಲಿ ಡಿಸ್ಕ್ ತೆರೆದರೆ ‘ವಿಡಿಯೋ_ಟಿಎಸ್’ ಅನ್ನುವ ಫೋಲ್ಡರ್ ಇರುತ್ತದೆ. ಅದನ್ನು ಇಡೀ ಫೋಲ್ಡರ್ ಆಗಿಯೇ ಕಾಪಿ ಮಾಡಿ, ಒಳಗಿನ ವಿಒಬಿ ಫೈಲ್‌ಗಳನ್ನು ಬಿಡಿ ಬಿಡಿಯಾಗಿ ಅಲ್ಲ. ಮೇಕ್‌ಎಂಕೆವಿ ಅನ್ನುವ ತಂತ್ರಾಂಶ ಅದನ್ನೆಲ್ಲ ಸೇರಿಸಿ ಎಂಕೆವಿ ಫೈಲ್ ಮಾಡಿ ಕೊಡುತ್ತದೆ, ಗುಣಮಟ್ಟ ಇಳಿಯುವುದಿಲ್ಲ. ಡಿಸ್ಕಿನಲ್ಲಿ ‘ಡಿವಿಡಿ_ಆರ್‌ಟಿಎವಿ’ ಫೋಲ್ಡರ್, ಒಳಗೆ ವಿಆರ್‌ಒ ಅಂತ ಒಂದು ದೊಡ್ಡ ಫೈಲ್ ಕಂಡರೆ ಅದು ವಿಆರ್ ಮೋಡ್‌ನಲ್ಲಿ ಬರೆದದ್ದು. ಅದನ್ನು ಕಾಪಿ ಮಾಡಿಕೊಂಡು ವಿಎಲ್‌ಸಿಯಲ್ಲಿ ತೆರೆಯಿರಿ, ನಡೆಯುತ್ತದೆ.

ಎರಡನೇ ದಾರಿ: ಎವಿ ಔಟ್‌ನಿಂದ ಹಿಡಿಯುವುದು

ನಮ್ಮ ಪೆಟ್ಟಿಗೆಯ ಬರ್ನರ್ ನಾಲ್ಕನೇ ಡಿಸ್ಕಿಗೆ ಕೈಕೊಟ್ಟಿತು. ಹಳೆಯ ಲೇಸರ್, ಓದುತ್ತದೆ, ಬರೆಯಲು ಶಕ್ತಿ ಇಲ್ಲ. ಉಳಿದದ್ದಕ್ಕೆ ಈ ದಾರಿ ಹಿಡಿದೆವು.

ಬೇಕಾದದ್ದು ಒಂದು ಯುಎಸ್‌ಬಿ ವಿಡಿಯೋ ಕ್ಯಾಪ್ಚರ್. ಒಂದು ತುದಿ ಲ್ಯಾಪ್‌ಟಾಪ್‌ಗೆ, ಇನ್ನೊಂದು ತುದಿಯಲ್ಲಿ ಹಳದಿ, ಬಿಳಿ, ಕೆಂಪು ಪಿನ್. ಹಳದಿ ಚಿತ್ರಕ್ಕೆ, ಬಿಳಿ ಕೆಂಪು ಧ್ವನಿಗೆ. ಎರಡೂ ಕಡೆ ಎಸ್-ವಿಡಿಯೋ ಇದ್ದರೆ ಹಳದಿ ಬಿಟ್ಟು ಅದನ್ನೇ ಹಚ್ಚಿ. ಅದರಲ್ಲಿ ಬಣ್ಣ ಮತ್ತು ಬೆಳಕು ಬೇರೆ ಬೇರೆ ತಂತಿಯಲ್ಲಿ ಬರುತ್ತವೆ. ಇಳಕಲ್ ಸೀರೆಯ ಅಂಚಿನಲ್ಲಿ ಬಣ್ಣ ಹರಡುವುದು ನಿಲ್ಲುತ್ತದೆ, ನೋಡಿದರೆ ತಿಳಿಯುತ್ತದೆ. ಎಸ್-ವಿಡಿಯೋದಲ್ಲಿ ಧ್ವನಿ ಬರುವುದಿಲ್ಲ, ಬಿಳಿ ಕೆಂಪು ಹಾಗೇ ಇರಲಿ. ಎಚ್‌ಡಿಎಂಐ ಇದೆಯಲ್ಲ ಅಂತ ಅದರ ಹಿಂದೆ ಹೋಗಬೇಡಿ. ಕಾಪಿ ತಡೆಯುವ ಬೀಗ ಅದರಲ್ಲಿ ಇರುವುದರಿಂದ ನಿಮ್ಮದೇ ಮದುವೆ ವಿಡಿಯೋಗೂ ಕಪ್ಪು ಪರದೆ ಬರಬಹುದು.

ಲ್ಯಾಪ್‌ಟಾಪ್‌ನಲ್ಲಿ ಓಬಿಎಸ್ ಸ್ಟುಡಿಯೋ ಅನ್ನುವ ರೆಕಾರ್ಡಿಂಗ್ ತಂತ್ರಾಂಶ ಹಾಕಿಕೊಳ್ಳಿ, ಪುಕ್ಕಟೆ ಸಿಗುತ್ತದೆ. ಕ್ಯಾಪ್ಚರ್ ಸಾಧನವನ್ನು ಸೇರಿಸಿ, ಪಾಲ್ ಆರಿಸಿ, ಅಳತೆ 720 x 576, ಸೆಕೆಂಡಿಗೆ 50 ಫ್ರೇಮ್. ಡಿಇಂಟರ್‌ಲೇಸಿಂಗ್‌ನಲ್ಲಿ ‘ಯಾಡಿಫ್ 2ಎಕ್ಸ್’ ಇಡಿ. ಇದು ಯಾಕೆ ಅಂದರೆ, ಹಳೆಯ ಟಿವಿ ಚಿತ್ರ ಅರ್ಧರ್ಧ ಗೆರೆಗಳಾಗಿ ಸೆಕೆಂಡಿಗೆ 50 ಸಲ ಬರುತ್ತದೆ. ಹಾಗೇ ಹಿಡಿದರೆ ತೇರಿನ ಹಗ್ಗ ಎಳೆಯುವವರ ಕೈಗಳು ಬಾಚಣಿಗೆ ಹಲ್ಲಿನಂತೆ ಸೀಳಿ ಕಾಣುತ್ತವೆ. ಆಕಾರ 4:3 ಇರಲಿ. ಇಡೀ ಪರದೆ ತುಂಬಲಿ ಅಂತ ಎಳೆದರೆ ಎಲ್ಲರೂ ಡೊಳ್ಳು ಹೊಟ್ಟೆಯವರಾಗುತ್ತಾರೆ.

ಬಿಟ್‌ರೇಟ್ 8 ಎಂಬಿಪಿಎಸ್ ಸಾಕು. ತಾಸಿಗೆ ಸುಮಾರು 3.6 ಜಿಬಿ ಆಗುತ್ತದೆ. ಫೈಲ್ ಎಂಕೆವಿ ಆಗಿಯೇ ಉಳಿಸಿ, ಎಂಪಿ4 ಬೇಡ. ನಡುವೆ ಲ್ಯಾಪ್‌ಟಾಪ್ ಆರಿದರೂ ಎಂಕೆವಿ ಅಲ್ಲಿಯವರೆಗಿನದ್ದನ್ನು ಕೊಡುತ್ತದೆ, ಸಾಮಾನ್ಯ ಎಂಪಿ4 ತೆರೆಯುವುದೇ ಇಲ್ಲ. ಧ್ವನಿ 48 ಕಿಲೋಹರ್ಟ್ಸ್. ಲ್ಯಾಪ್‌ಟಾಪ್ ಮೈಕ್ ಬಂದ್ ಮಾಡಿ. ಇಲ್ಲದಿದ್ದರೆ ಮದುವೆ ಓಲಗದ ಜೊತೆ ಇವತ್ತಿನ ಕುಕ್ಕರ್ ಸೀಟಿಯೂ ಸೇರುತ್ತದೆ.

ನೇರವಾಗಿ ಮೂರು ತಾಸಿಗೆ ಕೂರಬೇಡಿ. ಮೊದಲು ಐದು ನಿಮಿಷ ಹಿಡಿದು, ಯಾರಾದರೂ ಎದುರು ನಿಂತು ಮಾತಾಡುವ ಜಾಗ ನೋಡಿ, ತುಟಿಗೂ ಮಾತಿಗೂ ಹೊಂದುತ್ತಿದೆಯೇ ಅಂತ. ನಾವು ಮುತ್ಯಾನ ಟೈಟಲ್ ಇಟ್ಟುಕೊಂಡು ಪರೀಕ್ಷೆ ಮಾಡಿದೆವು. ಕ್ಯಾಮೆರಾದವನ ಮೇಲೆ ಮುತ್ಯಾ ಸಿಟ್ಟು ಮಾಡುತ್ತಾರೆ, "ಆ ಲೈಟ್ ತಗೀ ಮೊದ್ಲ, ಕಣ್ಣಿಗಿ ಹೊಡಿಲಕತ್ತದ!" ಕೈ ಎತ್ತುವುದಕ್ಕೂ ‘ತಗೀ’ ಅನ್ನುವುದಕ್ಕೂ ಒಂದು ಚೂರು ಅಂತರ ಇತ್ತು. ಓಬಿಎಸ್‌ನ ಸಿಂಕ್ ಆಫ್‌ಸೆಟ್‌ನಲ್ಲಿ ಸ್ವಲ್ಪ ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತಾ ಅದೇ ಮಾತನ್ನು ಇಪ್ಪತ್ತು ಸಲವಾದರೂ ಹಾಕಿರಬೇಕು. ನನಗೆ ಸಾಕಾಗಿತ್ತು. ಹಿಂದೆ ಕೂತಿದ್ದ ಆಯಿ, "ಜರಾ ಹಿಂದಕ ಹಚ್ಚಪಾ, ಅವ್ರ ದನಿ ಇನ್ನೊಮ್ಮೆ ಕೇಳ್ತೀನಿ" ಅಂದರು.

ಸರಿಯಾದ ಮೇಲೆ ರೆಕಾರ್ಡ್ ಒತ್ತಿ, ರೆಕಾರ್ಡರ್‌ನಲ್ಲಿ ಪ್ಲೇ ಒತ್ತಿ, ಬಿಟ್ಟುಬಿಡಿ. ಮೂರು ತಾಸಿನ ವಿಡಿಯೋಗೆ ಮೂರು ತಾಸೇ ಬೇಕು. ಲ್ಯಾಪ್‌ಟಾಪ್ ಮಲಗದಂತೆ ಸೆಟ್ಟಿಂಗ್ ಹಾಕಿ. ರಿಮೋಟನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಒಂದು ಟೈಟಲ್ ಆದ ಮೇಲೆ ಪೆಟ್ಟಿಗೆಗೆ ಅರ್ಧ ತಾಸು ವಿಶ್ರಾಂತಿ ಕೊಡಿ.

ಎರಡೂ ದಾರಿ ಮುಚ್ಚಿದ್ದರೆ

ಪೆಟ್ಟಿಗೆ ಸತ್ತೇಹೋಗಿದೆ, ರಿಪೇರಿ ಆಗಲಿಲ್ಲ. ಆಗ ಮಾತ್ರ ಡಿಸ್ಕ್ ಬಿಚ್ಚುವ ಮಾತು. ಹಳೆಯ ಪೆಟ್ಟಿಗೆಗಳಲ್ಲಿ ಅಗಲ ಪಟ್ಟಿಯ ಐಡಿಇ ಡಿಸ್ಕ್, ಆಮೇಲಿನವುಗಳಲ್ಲಿ ಸಾಟಾ ಇರುತ್ತದೆ, ಅದಕ್ಕೆ ತಕ್ಕ ಯುಎಸ್‌ಬಿ ಕನ್ವರ್ಟರ್ ಬೇಕು. ವಿಂಡೋಸ್ ಏನು ಕೇಳಿದರೂ ‘ಕ್ಯಾನ್ಸಲ್’. ಲಿನಕ್ಸ್ ಗೊತ್ತಿರುವವರು ಇದ್ದರೆ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ನಕಲು ಫೈಲ್ ಮಾಡಿಸಿಕೊಳ್ಳಿ, ಮುಂದಿನ ಕೆಲಸವೆಲ್ಲ ಆ ನಕಲಿನ ಮೇಲೆ. ಐಸೋಬಸ್ಟರ್ ಅನ್ನುವ ತಂತ್ರಾಂಶಕ್ಕೆ ಹಲವು ಕಂಪನಿಗಳ ರೆಕಾರ್ಡರ್ ಡಿಸ್ಕ್ ಓದಲು ಬರುತ್ತದೆ. ದುಡ್ಡು ಕೊಡುವ ಮುಂಚೆ ನಿಮ್ಮ ಡಿಸ್ಕಿನ ಟೈಟಲ್‌ಗಳು ಅದರಲ್ಲಿ ಕಾಣುತ್ತವೆಯೇ ನೋಡಿಕೊಳ್ಳಿ.

ಹೊರಗೆ ಬಂದ ಮೇಲೆ

ಪ್ರತಿ ಫೈಲನ್ನೂ ಶುರು, ನಡು, ಕೊನೆ ಮೂರು ಕಡೆ ಹಾಕಿ ನೋಡಿ. ನಮ್ಮದರಲ್ಲಿ ಒಂದು ಫೈಲ್ ಕೊನೆಯ 20 ನಿಮಿಷ ಧ್ವನಿಯೇ ಇರಲಿಲ್ಲ, ಬಿಳಿ ಪಿನ್ ಸಡಿಲಾಗಿತ್ತು.

ಹೆಸರು ಕೊಡುವಾಗ ವರ್ಷ ಮೊದಲು ಬರಲಿ: ‘2004 ಅಕ್ಕನ ಮದುವೆ ಭಾಗ 1’ ಹೀಗೆ. ಮಾಮಾ ಎಲ್ಲದಕ್ಕೂ ‘ಗುಲ್ಬರ್ಗಾ 1’, ‘ಗುಲ್ಬರ್ಗಾ 2’ ಅಂತ ಇಟ್ಟಿದ್ದರು. ಊರು 2014ರಲ್ಲಿ ಕಲಬುರಗಿ ಆಯಿತು. ನಾಳೆ ಮಕ್ಕಳು ಕಲಬುರಗಿ ಅಂತ ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ನೋಟ್‌ಬುಕ್‌ನ ಆ ಎರಡು ಪುಟಗಳ ಫೋಟೋವನ್ನೂ ಅದೇ ಫೋಲ್ಡರ್‌ನಲ್ಲಿ ಹಾಕಿ.

ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಪ್ರತಿ ಇರಲಿ, ಎರಡು ಬೇರೆ ಮನೆಗಳಲ್ಲಿ. ಒಂದು ನಮ್ಮಲ್ಲಿದೆ, ಒಂದು ಯಾದಗಿರಿಯಲ್ಲಿ ಅಕ್ಕನ ಮನೆಯಲ್ಲಿದೆ. ಬಂಧುಗಳಿಗೆ ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ವಿಡಿಯೋ ಅಂತ ಕಳಿಸಬೇಡಿ, ಅದು ಹಿಂಡಿ ಸಣ್ಣದು ಮಾಡಿಬಿಡುತ್ತದೆ. ‘ಡಾಕ್ಯುಮೆಂಟ್’ ಅಂತ ಕಳಿಸಿ, 2 ಜಿಬಿವರೆಗೆ ಹೋಗುತ್ತದೆ.

ಪೆಟ್ಟಿಗೆಯನ್ನು ಗುಜರಿಗೆ ಕೊಡುವ ಅವಸರ ಬೇಡ. ಆರು ತಿಂಗಳು ಇಟ್ಟುಕೊಳ್ಳಿ, ಯಾವ ಫೈಲ್‌ನಲ್ಲಿ ಏನು ಬಿಟ್ಟುಹೋಗಿದೆ ಅಂತ ಯಾರಾದರೂ ನೋಡುವಾಗಲೇ ಗೊತ್ತಾಗುವುದು. ನಮ್ಮದು ಇನ್ನೂ ಟಿವಿ ಕೆಳಗೇ ಇದೆ. ಮಾಮಾ ಅದರ ಮೇಲೊಂದು ಚೀಟಿ ಅಂಟಿಸಿದ್ದಾರೆ: ‘ಫಾರ್ಮ್ಯಾಟ್ ಮಾಡಬ್ಯಾಡ್ರಿ.’